ಪ್ಯಾಂಗಾಂಗ್ ಸರೋವರಕ್ಕೆ ಹೊರಟಿದ್ದೀರಾ? ಡಾಕ್ಟರನ್ನು ಕೇಳಿ

ಪ್ರಶ್ನೆ (ವಿಜಯಪುರದಿಂದ):
ನಮಸ್ಕಾರ ಮೇಡಂ. ಜೂನ್‌ನಲ್ಲಿ ಮನೆಯವರೆಲ್ಲ ಸೇರಿ ಲಡಾಖಿನ ಪ್ಯಾಂಗಾಂಗ್ ಸರೋವರ ನೋಡಲು ಹೊರಟಿದ್ದೇವೆ. ಅಪ್ಪಾಜಿಗೆ 64 ವರ್ಷ, ಬಿ.ಪಿ. ಇದೆ. ತಮ್ಮ ದಿನಾ ಜಿಮ್‌ಗೆ ಹೋಗುವ ಹುಡುಗ. ಜೊತೆಗೆ ನನ್ನ ಹೆಂಡತಿ, ಎಂಟು ವರ್ಷದ ಮಗಳು. ಏಜೆಂಟ್ ಕೊಟ್ಟ ಪ್ಲಾನ್ ಹೀಗಿದೆ: ಬೆಳಗಾವಿಯಿಂದ ದೆಹಲಿ, ಅಲ್ಲಿಂದ ಮುಂಜಾನೆ ವಿಮಾನಕ್ಕೆ ಲೇಹ್. ಮರುದಿನವೇ ಪ್ಯಾಂಗಾಂಗ್, ರಾತ್ರಿ ಸರೋವರದ ದಂಡೆಯಲ್ಲೇ ಟೆಂಟ್. ಅಪ್ಪಾಜಿಯನ್ನು ಕರೆದುಕೊಂಡು ಹೋಗಬಹುದಾ?

ಉತ್ತರ:
ನಮಸ್ಕಾರ ಅಣ್ಣಾವ್ರೆ. ಅಪ್ಪಾಜಿ ವಿಷಯ ಆಮೇಲೆ. ಮೊದಲು ಈ ಪ್ಲಾನ್ ಬದಲಿಸಿ. ಇದು ನಿಮ್ಮಲ್ಲಿ ಯಾರಿಗೂ ಸರಿಯಿಲ್ಲ, ತಮ್ಮನಿಗೂ ಸೇರಿ.

ವಿಜಯಪುರ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಲೇಹ್ 3,500 ಮೀಟರ್. ಪ್ಯಾಂಗಾಂಗ್ 4,250 ಮೀಟರ್ ಆಸುಪಾಸು. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆ ಅಷ್ಟೇ, ಶೇಕಡಾ 21. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಅದಕ್ಕೇ ಪ್ಯಾಂಗಾಂಗ್ ದಂಡೆಯಲ್ಲಿ ನೀವು ಎಳೆದುಕೊಳ್ಳುವ ಒಂದು ಉಸಿರಿನಲ್ಲಿ, ಸಮುದ್ರ ಮಟ್ಟದಲ್ಲಿ ಸಿಗುವುದರ ನೂರಕ್ಕೆ ಅರವತ್ತರಷ್ಟು ಆಮ್ಲಜನಕ ಮಾತ್ರ ಸಿಗುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ವಿಮಾನ ಆ ದಿನಗಳನ್ನೇ ಕಸಿದುಕೊಳ್ಳುತ್ತದೆ. ದೆಹಲಿಯಲ್ಲಿ ಹತ್ತಿದವರು ಒಂದೂವರೆ ತಾಸಿನಲ್ಲಿ 3,500 ಮೀಟರ್ ಮೇಲೆ ನಿಂತಿರುತ್ತಾರೆ.

ಹೀಗೆ ಮಾಡಿ. ಲೇಹ್‌ನಲ್ಲಿ ಮೂರು ರಾತ್ರಿ ಇರಿ. ಮೊದಲ ದಿನ ಊಟ, ನಿದ್ದೆ, ಹೋಟೆಲ್ ಅಂಗಳದಲ್ಲಿ ನಾಲ್ಕು ಹೆಜ್ಜೆ, ಅಷ್ಟೇ. ಎರಡನೇ ದಿನ ಪೇಟೆ ಸುತ್ತಿ. ಆಮೇಲೆ ನುಬ್ರಾ ಕಣಿವೆಗೆ ಹೋಗಿ. ದಾರಿಯಲ್ಲಿ ಖರ್ದುಂಗ್ ಲಾ ಎಂಬ ಎತ್ತರದ ಘಾಟಿ ಸಿಗುತ್ತದೆ, ಅಲ್ಲಿ ಫೋಟೊ ತೆಗೆದು ಬೇಗ ಇಳಿದುಬಿಡಿ. ಮಲಗುವ ಊರು ಹುಂಡರ್ ಲೇಹ್‌ಗಿಂತ ತಗ್ಗಿನಲ್ಲಿದೆ. ಪ್ಯಾಂಗಾಂಗ್ ಕೊನೆಗೆ ಇರಲಿ. ಹಗಲು ಎಷ್ಟು ಎತ್ತರಕ್ಕೆ ಹೋದಿರಿ ಅನ್ನುವುದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದಿರಿ ಅನ್ನುವುದೇ ಇಲ್ಲಿ ಮುಖ್ಯ.

ಅಪ್ಪಾಜಿಯ ಬಿ.ಪಿ. ಮಾತ್ರೆಯಿಂದ ಹಿಡಿತದಲ್ಲಿದ್ದರೆ, ನಡೆದರೆ ಎದೆನೋವು ಬರುವುದಿಲ್ಲ ಎಂದರೆ, ಸಾಮಾನ್ಯವಾಗಿ ಹೋಗಬಹುದು. ಹೊರಡುವ ತಿಂಗಳು ಮೊದಲೇ ಅವರ ಡಾಕ್ಟರಿಗೆ ಒಮ್ಮೆ ತೋರಿಸಿ. ಮಾತ್ರೆ ಒಂದು ದಿನವೂ ತಪ್ಪಬಾರದು. ಇತ್ತೀಚೆಗೆ ಹೃದಯಾಘಾತ ಆಗಿದ್ದವರಿಗೆ, ಗರ್ಭಿಣಿಯರಿಗೆ ನಾನು ಈ ಪ್ರವಾಸ ಬೇಡ ಅಂತಲೇ ಹೇಳುತ್ತೇನೆ.

ನಿಜ ಹೇಳಬೇಕೆಂದರೆ ನನಗೆ ಜಾಸ್ತಿ ಚಿಂತೆ ನಿಮ್ಮ ತಮ್ಮನದು. ದೇಹ ಹೊಂದಿಕೊಳ್ಳುವ ಮೊದಲೇ ಮೇಲೆ ಹೋದರೆ ತಲೆನೋವು, ವಾಕರಿಕೆ, ಸುಸ್ತು ಬರುತ್ತದಲ್ಲ, ಅದೇ ಎತ್ತರದ ಕಾಯಿಲೆ. ಜಿಮ್ ಮಾಡಿದ ಮೈ ಅದನ್ನು ತಡೆಯುವುದಿಲ್ಲ. ಹುಡುಗರು ಮೊದಲ ದಿನವೇ ಮೆಟ್ಟಿಲು ಓಡಿ ಹತ್ತುತ್ತಾರೆ. ತಲೆನೋವು ಬಂದರೆ ಎಲ್ಲರ ಟ್ರಿಪ್ ಕೆಡುತ್ತದೆ ಅಂತ ಬಾಯಿ ಬಿಡುವುದಿಲ್ಲ. ಮಗಳು ಚಿಕ್ಕವಳು, ತಲೆನೋವು ಅಂತ ಹೇಳಲಿಕ್ಕಿಲ್ಲ. ಸುಮ್ನೆ ರಚ್ಚೆ ಹಿಡಿದರೆ, ಊಟ ಬೇಡ ಎಂದರೆ, ಆಡದೆ ಮೂಲೆ ಹಿಡಿದರೆ ಅದನ್ನೇ ಲಕ್ಷಣ ಅಂದುಕೊಳ್ಳಿ.

ಪ್ರಶ್ನೆ (ಬಾಗಲಕೋಟೆಯಿಂದ):
ಮೇಡಂ, ಕರ್ಪೂರ ಮೂಸಿದರೆ ಉಸಿರಾಟ ಸರಿಹೋಗುತ್ತದಂತೆ, ಹೌದಾ? ಆಮ್ಲಜನಕದ ಸಣ್ಣ ಡಬ್ಬಿಯನ್ನೂ ತಗೊಂಡು ಹೋಗಿ ಅಂತಾರೆ. ಡೈಮಾಕ್ಸ್ ಮಾತ್ರೆ ಎಲ್ಲರೂ ನುಂಗಬೇಕಾ?

ಉತ್ತರ:
ಅಕ್ಕಾರೆ, ಕರ್ಪೂರ ಮೂಗಿಗೆ ತಂಪು ಅನಿಸುತ್ತದೆ. ರಕ್ತಕ್ಕೆ ಆಮ್ಲಜನಕ ಸೇರಿಸುವುದಿಲ್ಲ. ಸಣ್ಣ ಡಬ್ಬಿ ಕೆಲವೇ ನಿಮಿಷಕ್ಕೆ ಖಾಲಿಯಾಗುತ್ತದೆ. ಆ ದುಡ್ಡಿಗೆ ಲೇಹ್‌ನಲ್ಲಿ ಇನ್ನೊಂದು ರಾತ್ರಿ ಇರಿ.

ಡೈಮಾಕ್ಸ್, ಅಂದರೆ ಅಸಿಟಜೋಲಮೈಡ್, ಎತ್ತರದ ಕಾಯಿಲೆ ತಡೆಯಲು ನಿಜವಾಗಿಯೂ ಕೆಲಸ ಮಾಡುವ ಔಷಧಿ. ನೇರ ವಿಮಾನದಲ್ಲಿ ಲೇಹ್‌ಗೆ ಇಳಿಯುವವರಿಗೆ ನಾನು ಬಹಳ ಸಲ ಬರೆಯುತ್ತೇನೆ. ದೊಡ್ಡವರಿಗೆ ಸಾಮಾನ್ಯವಾಗಿ 125 ಮಿ.ಗ್ರಾಂ., ದಿನಕ್ಕೆ ಎರಡು ಸಲ, ಮೇಲೆ ಹೋಗುವ ಹಿಂದಿನ ದಿನದಿಂದ. ಆದರೆ ನಿಮ್ಮ ಡಾಕ್ಟರನ್ನು ಕೇಳದೆ ಬೇಡ. ಸಲ್ಫಾ ಅಲರ್ಜಿ ಇದ್ದರೆ, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. ಬೆರಳ ತುದಿ ಜುಮ್ ಅನ್ನುತ್ತದೆ, ಮೂತ್ರ ಜಾಸ್ತಿ ಬರುತ್ತದೆ, ಅದಕ್ಕೆ ಹೆದರಬೇಡಿ. ಮಾತ್ರೆ ನುಂಗಿದ್ದೇವಲ್ಲ ಅಂತ ಲೇಹ್‌ನ ರಾತ್ರಿಗಳನ್ನು ಕಡಿಮೆ ಮಾಡುವ ಹಾಗಿಲ್ಲ. ಮೊದಲ ಎರಡು ಮೂರು ದಿನ ಮದ್ಯ ಬೇಡ, ನಿದ್ದೆ ಮಾತ್ರೆಯಂತೂ ಬೇಡವೇ ಬೇಡ. ಇವೆರಡೂ ರಾತ್ರಿಯ ಉಸಿರಾಟವನ್ನು ಇನ್ನಷ್ಟು ನಿಧಾನ ಮಾಡುತ್ತವೆ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಒಯ್ದರೆ ಒಂದು ಮಾತು ನೆನಪಿರಲಿ. ಲೇಹ್ ತಲುಪಿದ ದಿನ ರಕ್ತದ ಆಮ್ಲಜನಕ ಶೇಕಡಾ 85ರಿಂದ 90 ತೋರಿಸುವುದು ಅಲ್ಲಿ ಸಾಮಾನ್ಯ. ಅಂಕಿ ನೋಡಿ ಗಾಬರಿಯಾಗುವುದಕ್ಕಿಂತ ಮನುಷ್ಯನನ್ನು ನೋಡಿ.

ಪ್ರಶ್ನೆ (ಬೆಳಗಾವಿಯಿಂದ):
ನಾವು ಗೆಳೆಯರು ಮನಾಲಿಯಿಂದ ಲೇಹ್‌ಗೆ ಬೈಕಿನಲ್ಲಿ ಹೋಗುತ್ತೇವೆ. ರಸ್ತೆಯಲ್ಲಿ ನಿಧಾನಕ್ಕೆ ಏರುವುದರಿಂದ ತೊಂದರೆ ಇಲ್ಲ, ಅಲ್ವಾ?

ಉತ್ತರ:
ಆ ದಾರಿಯಲ್ಲಿ ಏರುವುದು ನಿಧಾನವಲ್ಲ ತಮ್ಮಾ. ಬಹಳ ಜನ ಸರ್ಚುವಿನಲ್ಲಿ ಮಲಗುತ್ತಾರೆ. ಅದು ಸುಮಾರು 4,300 ಮೀಟರ್, ಲೇಹ್‌ಗಿಂತ ಎಷ್ಟೋ ಮೇಲೆ. ಅದಕ್ಕೂ ಮೊದಲು ತಗ್ಗಿನಲ್ಲಿ ಸಿಗುವ ಕೇಲಾಂಗ್ ಅಥವಾ ಜಿಸ್ಪಾದಲ್ಲಿ ಎರಡು ರಾತ್ರಿ ಕಳೆಯಿರಿ. ಇನ್ನೂ ಒಳ್ಳೆಯದೆಂದರೆ ಶ್ರೀನಗರದ ಕಡೆಯಿಂದ ಹೋಗಿ, ಕಾರ್ಗಿಲ್‌ನಲ್ಲಿ ತಂಗಿ. ಕಾರ್ಗಿಲ್ ಸುಮಾರು 2,700 ಮೀಟರ್. ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಒಬ್ಬರ ಹತ್ತಿರವಾದರೂ ಪೋಸ್ಟ್‌ಪೇಯ್ಡ್ ಇರಲಿ.

ಪ್ರಶ್ನೆ (ವಿಜಯಪುರದಿಂದ, ಮೊದಲು ಕೇಳಿದವರು):
ಮೂರು ರಾತ್ರಿ ಲೇಹ್ ಅಂತ ಏಜೆಂಟಿಗೆ ಹೇಳಿದ್ದೇನೆ ಮೇಡಂ. ಒಂದು ವೇಳೆ ಪ್ಯಾಂಗಾಂಗ್‌ನಲ್ಲಿ ರಾತ್ರಿ ಯಾರಿಗಾದರೂ ತ್ರಾಸಾದರೆ ಕೂಡಲೇ ಲೇಹ್‌ಗೆ ಇಳಿದು ಬಂದರೆ ಆಯಿತಲ್ಲ?

ಉತ್ತರ:
ಒಳ್ಳೆಯದು ಮಾಡಿದಿರಿ. ಆದರೆ ಈ ಪ್ರಶ್ನೆಯನ್ನು ಹೊರಡುವ ಮೊದಲೇ ಎಲ್ಲರೂ ಯೋಚಿಸಬೇಕು. ಎತ್ತರದ ಕಾಯಿಲೆಗೆ ಮದ್ದು ಅಂದರೆ ಕೆಳಗೆ ಇಳಿಯುವುದು. ಪ್ಯಾಂಗಾಂಗ್‌ನಿಂದ ಲೇಹ್‌ಗೆ ಬರಬೇಕೆಂದರೆ ಮೊದಲು ಚಾಂಗ್ ಲಾ ಹತ್ತಬೇಕು, ಅದು ಸುಮಾರು 5,360 ಮೀಟರ್. ಕಾಯಿಲೆಯಾದವರನ್ನು ಇನ್ನೂ ಸಾವಿರ ಮೀಟರ್ ಮೇಲೆ ಒಯ್ದು ಆಮೇಲೆ ಇಳಿಸಿದ ಹಾಗಾಗುತ್ತದೆ. ಐದಾರು ತಾಸಿನ ದಾರಿ ಬೇರೆ.

ಹಾಗಾಗಿ ನಿರ್ಧಾರ ಹೊರಡುವ ಮುಂಜಾನೆಯೇ ಆಗಬೇಕು. ಅವತ್ತು ಯಾರಿಗಾದರೂ ತಲೆನೋವಿನ ಜೊತೆ ವಾಕರಿಕೆ, ಸುಸ್ತು ಇದ್ದರೆ ಪ್ಯಾಂಗಾಂಗ್ ಬೇಡ. ಒಂದು ದಿನ ತಡೆಯಿರಿ. ಇನ್ನೊಂದು ಪರೀಕ್ಷೆ ಹೇಳುತ್ತೇನೆ. ಕೋಣೆಯ ಟೈಲ್ಸ್ ನಡುವಿನ ಗೆರೆಯ ಮೇಲೆ ನಡೆಯಲು ಹೇಳಿ. ಒಂದು ಕಾಲಿನ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗಬೇಕು, ಹಾಗೆ ಹತ್ತು ಹೆಜ್ಜೆ. ಓಲಾಡಿದರೆ, ಪಕ್ಕಕ್ಕೆ ಕಾಲಿಟ್ಟರೆ ಮಿದುಳಿಗೆ ನೀರು ತುಂಬುತ್ತಿರಬಹುದು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ನಸುಗೆಂಪು ನೊರೆ ಕಫ ಬಂದರೆ ಶ್ವಾಸಕೋಶಕ್ಕೆ ನೀರು ತುಂಬುತ್ತಿದೆ ಎಂದು ತಿಳಿಯಿರಿ. ಇವೆರಡೂ ಜೀವಕ್ಕೆ ಅಪಾಯ. ಲೇಹ್‌ನಲ್ಲಿದ್ದರೆ ತಡಮಾಡದೆ ಅಲ್ಲಿನ ಸರ್ಕಾರಿ ಎಸ್.ಎನ್.ಎಂ. ಆಸ್ಪತ್ರೆಗೆ ಹೋಗಿ.

ಸರೋವರದ ಹತ್ತಿರವೇ ಹೀಗಾದರೆ ಬೆಳಗಾಗಲಿ ಅಂತ ಕಾಯಬೇಡಿ. ತಾಂಗ್ತ್ಸೆ ಎಂಬ ಊರು ಸರೋವರಕ್ಕಿಂತ ತಗ್ಗಿನಲ್ಲಿದೆ, ಚಾಂಗ್ ಲಾ ಹತ್ತುವ ಮೊದಲೇ ಸಿಗುತ್ತದೆ. ಅಲ್ಲಿ ಆರೋಗ್ಯ ಕೇಂದ್ರವಿದೆ. ಮೊದಲು ಅಲ್ಲಿಗೆ. ಆಮ್ಲಜನಕ ಹಚ್ಚದೆ ಘಾಟಿ ಹತ್ತಿಸಬೇಡಿ. ಗಾಡಿಯಲ್ಲಿ ದೊಡ್ಡ ಆಮ್ಲಜನಕದ ಸಿಲಿಂಡರ್ ಇದೆಯಾ, ಮಾಸ್ಕ್ ಇದೆಯಾ, ಕೀಲಿ ತಿರುಗಿಸಿದರೆ ಗಾಳಿ ಬರುತ್ತದಾ ಅಂತ ಲೇಹ್‌ನಲ್ಲೇ ಡ್ರೈವರ್ ಮುಂದೆ ನೋಡಿಕೊಳ್ಳಿ. ಡ್ರೈವರ್ ರಾತ್ರಿ ಎಲ್ಲಿ ಮಲಗುತ್ತಾರೆ ಅನ್ನುವುದೂ ಗೊತ್ತಿರಲಿ.

ಪ್ರಶ್ನೆ (ಜಮಖಂಡಿಯಿಂದ):
ನಮ್ಮವ್ವ ಇನ್ಸುಲಿನ್ ತಗೋತಾರೆ. ಏನು ಎಚ್ಚರ ಬೇಕು?

ಉತ್ತರ:
ಇನ್ಸುಲಿನ್ ಪೆನ್ನು ಬ್ಯಾಗಿನಲ್ಲಿ ಬೇಡ, ಸ್ವೆಟರ್ ಒಳಗೆ ಮೈಗೆ ತಾಗಿ ಇರಲಿ. ಜೂನ್‌ನಲ್ಲೂ ಅಲ್ಲಿ ರಾತ್ರಿ ಕೊರೆಯುವ ಚಳಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸಬಾರದು. ಶುಗರ್ ನೋಡುವ ಯಂತ್ರವೂ ಚಳಿಗೆ ತಪ್ಪು ತೋರಿಸಬಹುದು, ಕೈಯಲ್ಲಿ ಬೆಚ್ಚಗೆ ಮಾಡಿ ನೋಡಿ. ಎತ್ತರದಲ್ಲಿ ಹಸಿವು ಸಾಯುತ್ತದೆ. ಅವ್ವ ಅರ್ಧ ಊಟ ಬಿಟ್ಟು ಪೂರ್ತಿ ಇನ್ಸುಲಿನ್ ತಗೊಂಡರೆ ಶುಗರ್ ಬೀಳುತ್ತದೆ. ಡೋಸ್ ಎಷ್ಟು ಇಳಿಸಬೇಕು ಅಂತ ಈಗಲೇ ಅವರ ಡಾಕ್ಟರಿಂದ ಬರೆಸಿಕೊಳ್ಳಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕಟ್ಟಿಕೊಳ್ಳಿ, ಬಾಯಿಗೆ ಹಿಡಿಸುವುದು ಇದ್ದರೆ ನಾಲ್ಕು ತುತ್ತು ಒಳಗೆ ಹೋಗುತ್ತದೆ. ಶುಗರ್ ಬಿದ್ದಾಗಲೂ ತಲೆಸುತ್ತು, ಸುಸ್ತು, ತೊದಲು ಬರುತ್ತದೆ. ಇದು ಎತ್ತರದ ಕಾಯಿಲೆಯ ಹಾಗೇ ಕಾಣುತ್ತದೆ. ಹಾಗಾದ ಕೂಡಲೇ ಮೊದಲು ಶುಗರ್ ನೋಡಿ.