ಚೀಸ್ ಗಂಟು, ಹಮ್ಮಸ್ ತರಿತರಿ, ಫ್ರೈಡ್ ರೈಸ್ ಮುದ್ದೆ: ತಪ್ಪು ಎಲ್ಲಾಗುತ್ತಿದೆ?

ಹಸಿಮೆಣಸು:
ಬೇರೆ ಬೇರೆ ದೇಶದ ಅಡುಗೆ ಕಲಿಯೋಣವೆಂದು ಮೂರು ಆರಿಸಿಕೊಂಡಿದ್ದೇನೆ. ರೋಮ್‌ನ ಕಾಚಿಯೊ ಎ ಪೇಪೆ (ಚೀಸ್, ಕಾಳುಮೆಣಸಿನ ಪಾಸ್ತಾ), ಲೆಬನಾನ್ ಕಡೆಯ ಹಮ್ಮಸ್ (ಬೆಂದ ಕಾಬೂಲಿ ಕಡಲೆ ರುಬ್ಬಿದ್ದು), ಚೀನಾದ ಎಗ್ ಫ್ರೈಡ್ ರೈಸ್. ಸಾಮಾನು ಕಡಿಮೆ, ಆದರೂ ಮೂರೂ ಕೈಕೊಡುತ್ತಿವೆ. ಚೀಸ್ ಬಾಣಲೆಗೆ ಬಿದ್ದ ಕೂಡಲೇ ರಬ್ಬರಿನ ಹಾಗೆ ಗಂಟು ಕಟ್ಟುತ್ತದೆ. ಹಮ್ಮಸ್ ಎಷ್ಟು ರುಬ್ಬಿದರೂ ತರಿತರಿ. ಅನ್ನ ಮುದ್ದೆ. ಇಬ್ಬರಿಗಾಗುವ ಅಳತೆ ಹೇಳುತ್ತೀರಾ?

ಒಗ್ಗರಣೆ ಸೌಟು:
ಚೀಸ್ ಗಂಟಾಗುವುದು ಬಿಸಿ ಹೆಚ್ಚಾಗಿ. ಸುಮಾರು 65 ಡಿಗ್ರಿ ದಾಟಿದರೆ ಈ ಪಾಸ್ತಾಕ್ಕೆ ಹಾಕುವ ಪೆಕೊರಿನೊ ಚೀಸಿನ ಪ್ರೋಟೀನು ಒಂದಕ್ಕೊಂದು ಅಂಟಿಕೊಳ್ಳಲು ಶುರುವಾಗುತ್ತದೆ. ಪಾಸ್ತಾ ಬೆಂದ ನೀರಿನಲ್ಲಿ ಪಿಷ್ಟ ಸಾಕಷ್ಟಿದ್ದರೆ ಅದು ನಡುವೆ ಸೇರಿ ತಡೆಯುತ್ತದೆ. ನಾಲ್ಕು ಲೀಟರ್ ನೀರಿನಲ್ಲಿ ಪಾಸ್ತಾ ಬೇಯಿಸಿದರೆ ಆ ಪಿಷ್ಟ ತೆಳುವಾಗಿ ಹೋಗುತ್ತದೆ.

200 ಗ್ರಾಂ ಸ್ಪಗೆಟ್ಟಿಗೆ ಒಂದೇ ಲೀಟರ್ ನೀರು ಸಾಕು. ಉಪ್ಪು ಕಡಿಮೆಯಿರಲಿ, ಪೆಕೊರಿನೊದಲ್ಲೇ ಬೇಕಾದಷ್ಟಿದೆ. ಎರಡು ಟೀ ಚಮಚ ಕಾಳುಮೆಣಸು ಜಜ್ಜಿ, ಎಣ್ಣೆಯಿಲ್ಲದೆ ಒಂದು ನಿಮಿಷ ಹುರಿದು, ಪಾಸ್ತಾ ಬೇಯುತ್ತಿರುವ ನೀರನ್ನು ಒಂದು ಸೌಟು ಹಾಕಿ. ಅದೇ ನೀರನ್ನು ಇನ್ನೊಂದು ಬಟ್ಟಲಲ್ಲಿ ಬೆರಳು ತಡೆಯುವಷ್ಟು ಆರಲು ಬಿಡಿ. 80 ಗ್ರಾಂ ಚೀಸನ್ನು ಅತಿ ಸಣ್ಣಗೆ ತುರಿದು, ಆರಿದ ನೀರನ್ನು ಚಮಚ ಚಮಚವಾಗಿ ಸೇರಿಸುತ್ತ ಗಟ್ಟಿ ಮೊಸರಿನ ಹದಕ್ಕೆ ಕಲಸಿ. ಪ್ಯಾಕೆಟ್ ಹೇಳುವುದಕ್ಕಿಂತ ಎರಡು ನಿಮಿಷ ಮೊದಲೇ ಪಾಸ್ತಾ ಎತ್ತಿ, ಮೆಣಸಿನ ಬಾಣಲೆಯಲ್ಲಿ ಬೇಯಿಸಿ ಮುಗಿಸಿ. ಒಲೆ ಆರಿಸಿ. ಗುಳ್ಳೆ ಪೂರ್ತಿ ನಿಂತ ಮೇಲೆಯೇ ಚೀಸ್ ಹಾಕಿ ಜೋರಾಗಿ ಕಲಸಿ. ಆ ಒಂದು ನಿಮಿಷ ಕಾಯದವರದೇ ಗಂಟಾಗುವುದು.

ಅಳತೆಗೋಲು:
ಮೇಲಿನದು ಸರಿ, ಆದರೆ ಪಾಸ್ತಾ ನೀರಿನ ದಪ್ಪ ದಿನಕ್ಕೊಂದು ತರ. ಅರ್ಧ ಟೀ ಚಮಚಕ್ಕಿಂತ ತುಸು ಹೆಚ್ಚು ಕಾರ್ನ್‌ಫ್ಲೋರನ್ನು 50 ಮಿಲಿ ನೀರಲ್ಲಿ ಕದಡಿ, ಬಿಸಿಮಾಡಿ, ಗಂಜಿಯಾದ ಮೇಲೆ ಆರಿಸಿ ಚೀಸಿಗೆ ಕಲಸಿ. ಕೆಡುವುದು ಅಪರೂಪ. ತುರಿದೇ ಬರುವ ಪ್ಯಾಕೆಟ್ ಚೀಸ್ ಬೇಡ, ಅಂಟದಿರಲು ಹಾಕಿದ ಪುಡಿಯಿಂದಾಗಿ ಸರಿಯಾಗಿ ಕರಗುವುದಿಲ್ಲ.

ಹಸಿಮೆಣಸು:
ಪೆಕೊರಿನೊ ಬದಲು ಪಾರ್ಮೆಸಾನ್ ನಡೆಯುತ್ತದೆಯೇ?

ಒಗ್ಗರಣೆ ಸೌಟು:
ನಡೆಯುತ್ತದೆ. ಖಾರ-ಉಪ್ಪಿನ ಚುರುಕು ಕಡಿಮೆ, ಅಷ್ಟೆ. ಪೆಕೊರಿನೊ ಕುರಿಹಾಲಿನದು, ಪಾರ್ಮೆಸಾನ್ ಹಸುವಿನ ಹಾಲಿನದು. ಉಪ್ಪು ನೋಡಿ ಹಾಕಿ.

ರುಬ್ಬುಗುಂಡು:
ಹಮ್ಮಸ್ ತರಿಯಾಗಲು ಮಿಕ್ಸಿ ಕಾರಣವಲ್ಲ, ಕಾಳು ಬೆಂದಿರುವುದಿಲ್ಲ. 150 ಗ್ರಾಂ ಕಾಬೂಲಿ ಕಡಲೆ ರಾತ್ರಿಯಿಡೀ ನೆನೆಸಿ, ಹೊಸ ನೀರು, ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿ ಬೇಯಿಸಿ. ಸೋಡಾದ ಕ್ಷಾರಕ್ಕೆ ಕಾಳಿನ ಪೆಕ್ಟಿನ್ ಸಡಿಲಾಗಿ ಸಿಪ್ಪೆ ಕಳಚುತ್ತದೆ. ಎರಡು ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಚಪ್ಪಟೆಯಾಗಬೇಕು. ಸೋಡಾ ಇನ್ನೂ ಹೆಚ್ಚಿಸಿದರೆ ಸಾಬೂನಿನ ರುಚಿ.

ಎರಡು ಎಸಳು ಬೆಳ್ಳುಳ್ಳಿ ಜಜ್ಜಿ, ಮೂರು ದೊಡ್ಡ ಚಮಚ ನಿಂಬೆರಸದಲ್ಲಿ ಹತ್ತು ನಿಮಿಷ ಬಿಡಿ, ಹಸಿ ಘಾಟು ಏಳುವುದಿಲ್ಲ. ಅದಕ್ಕೆ 100 ಗ್ರಾಂ ತಹಿನಿ (ನುಣ್ಣಗೆ ರುಬ್ಬಿದ ಎಳ್ಳು), ಉಪ್ಪು ಸೇರಿಸಿ ತಿರುವಿ. ಮೊದಲು ಬಿಗಿದುಕೊಂಡು ಸಿಮೆಂಟಿನಂತಾಗುತ್ತದೆ, ಕೆಟ್ಟಿತೆಂದು ನಿಲ್ಲಿಸಬೇಡಿ. ಐಸ್ ನೀರನ್ನು ಚಮಚದಷ್ಟೇ ಹಾಕುತ್ತ ಹೋದರೆ ಬೆಳ್ಳಗೆ ಸಡಿಲಾಗುತ್ತದೆ. ಆಮೇಲೆ ಕಾಳು ಹಾಕಿ ನಾಲ್ಕೈದು ನಿಮಿಷ ರುಬ್ಬಿ.

ಕಾದ ಬಾಣಲೆ:
ಫ್ರೈಡ್ ರೈಸಿಗೆ ಹಿಂದಿನ ದಿನದ ಅನ್ನವೇ ಆಗಬೇಕೆಂದೇನಿಲ್ಲ. ಬೇಕಾದದ್ದು ಒಣಗಿದ ಮೈ. ಆಗತಾನೆ ಬೆಂದ ಅನ್ನವನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ ಅರ್ಧ ಗಂಟೆ ಫ್ಯಾನ್ ಕೆಳಗಿಟ್ಟರೂ ಸಾಕು. ಹಿಂದಿನ ದಿನದ್ದಾದರೆ ಬೇಗ ಆರಿಸಿ ಫ್ರಿಜ್‌ನಲ್ಲಿಟ್ಟದ್ದಾಗಿರಲಿ. ಹೊರಗೇ ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಹುರಿದರೂ ಹೋಗುವುದಿಲ್ಲ.

ಇಬ್ಬರದನ್ನು ಒಟ್ಟಿಗೆ ಹಾಕಬೇಡಿ. ಮನೆಯ ಒಲೆಗೆ ಅಷ್ಟು ಕಾವಿಲ್ಲ, ಅನ್ನ ಹುರಿಯುವ ಬದಲು ಬೇಯುತ್ತದೆ. ಒಮ್ಮೆಗೆ 200 ಗ್ರಾಂ ಅನ್ನ, ಒಂದು ಮೊಟ್ಟೆ. ಎಣ್ಣೆ ಹೊಗೆಯಾಡುವಾಗ ಮೊಟ್ಟೆ ಹಾಕಿ, ಅರೆಬೆಂದಿರುವಾಗಲೇ ತೆಗೆದಿಟ್ಟು, ಅನ್ನ ಮೂರು ನಿಮಿಷ ಹುರಿದು ಮತ್ತೆ ಸೇರಿಸಿ. ಒಂದು ಟೀ ಚಮಚ ಸೋಯಾ ಸಾಸನ್ನು ಬಾಣಲೆಯ ಅಂಚಿಗೆ ಸುರಿಯಿರಿ. ಅನ್ನದ ಮೇಲೆ ಸುರಿದರೆ ಅಲ್ಲೇ ಒದ್ದೆಯಾಗಿ ಮತ್ತೆ ಮುದ್ದೆ.