ಪದಚರ್ಚೆ: ಸಭಾಕೋಣೆಯ ವಿಡಿಯೊ ಸಲಕರಣೆಯನ್ನು ವೆಬ್ ಸಭೆಗೆ ‘ಸಂಪರ್ಕಿಸಿ’ ಎನ್ನಬಹುದೇ?

ಬಳಗದವರಿಗೆ ನಮಸ್ಕಾರ.

ಒಂದು ತರಬೇತಿ ಕೇಂದ್ರದ ಸಭಾಕೋಣೆಯ ಗೋಡೆಗೆ ಅಂಟಿಸಲು ಒಂದು ಪುಟದ ಕನ್ನಡ ಸೂಚನೆ ಬರೆದುಕೊಡುತ್ತಿದ್ದೇನೆ. ಕೋಣೆಯಲ್ಲಿ ದೊಡ್ಡ ಟಿವಿ, ಅದರ ಮೇಲೊಂದು ತಿರುಗುವ ಕ್ಯಾಮೆರಾ, ಮೇಜಿನ ಮೇಲೆ ಮೈಕು, ಟಿವಿಯ ಕೆಳಗೆ ವಿಡಿಯೊ ಕರೆ ಮಾಡುವ ಒಂದು ಪೆಟ್ಟಿಗೆ ಇವೆ. ಹಳೆಯ ಸಲಕರಣೆ, ಆದರೆ ಗಟ್ಟಿಮುಟ್ಟಾಗಿದೆ. ಈಗಿನ ಸಭೆಗಳೆಲ್ಲ ಝೂಮ್, ಟೀಮ್ಸ್, ಗೂಗಲ್ ಮೀಟ್‌ಗಳಲ್ಲಿ ನಡೆಯುತ್ತವಲ್ಲ, ಈ ಕೋಣೆಯಿಂದ ಅಲ್ಲಿಗೆ ಹೋಗುವುದು ಹೇಗೆ ಎಂಬುದೇ ಸೂಚನೆಯ ವಿಷಯ. ನಾನು ಮೊದಲ ಸಾಲಿನಲ್ಲೇ ನಿಂತುಬಿಟ್ಟಿದ್ದೇನೆ.

ಕರಡಿನಲ್ಲಿ ‘ಕೋಣೆಯ ಉಪಕರಣವನ್ನು ವೆಬ್ ಸಭೆಗೆ ಸಂಪರ್ಕಿಸಿ’ ಎಂದು ಬರೆದಿದ್ದೆ. ಓದಿದ ಸಿಬ್ಬಂದಿಯೊಬ್ಬರು ‘ಯಾರನ್ನ ಸಂಪರ್ಕಿಸಬೇಕು ಸಾರ್? ನಂಬರ್ ಕೊಟ್ಟಿಲ್ಲವಲ್ಲ’ ಎಂದು ಕೇಳಿದರು. ಅವರು ಓದಿದ್ದು ಸರಿಯಾಗಿಯೇ ಇತ್ತು. ‘ಹೆಚ್ಚಿನ ವಿವರಗಳಿಗೆ ಸಂಪರ್ಕಿಸಿ’ ಎಂಬ ಸಾಲನ್ನು ನೋಟಿಸಿನಲ್ಲಿ, ಜಾಹೀರಾತಿನಲ್ಲಿ, ಮದುವೆ ಛತ್ರದ ಫಲಕದಲ್ಲಿ ಓದಿ ಬೆಳೆದವರಿಗೆ ಆ ಪದದ ಮೊದಲ ಅರ್ಥ ಫೋನ್ ಮಾಡಿ ಮಾತಾಡುವುದು. ತಂತಿ ಸಿಗಿಸುವುದೂ ಅದರ ಅರ್ಥ ಎಂದು ನಾವು ಅನುವಾದಕರು ಆಮೇಲೆ ಹೇರಿದ್ದು.

ಇನ್ನೊಬ್ಬರು ಅದನ್ನು ತಂತಿ ಎಂದೇ ಹಿಡಿದರು. ಲ್ಯಾಪ್‌ಟಾಪಿನಲ್ಲಿ ಸಭೆಗೆ ಸೇರಿ, ಎಚ್‌ಡಿಎಂಐ ಕೇಬಲನ್ನು ಟಿವಿಗೆ ಹಾಕಿದರು. ಚಿತ್ರವೇನೋ ಟಿವಿಯಲ್ಲಿ ಬಂತು. ಆ ಕಡೆಯವರಿಗೆ ಮಾತ್ರ ಲ್ಯಾಪ್‌ಟಾಪಿನ ಎದುರು ಕೂತಿದ್ದ ಇವರೊಬ್ಬರೇ ಕಾಣಿಸಿದರು, ಕೋಣೆಯಲ್ಲಿದ್ದ ಹದಿನೈದು ಜನ ಕಾಣಿಸಲಿಲ್ಲ. ಎಚ್‌ಡಿಎಂಐ ಕೇಬಲು ಚಿತ್ರವನ್ನು ಲ್ಯಾಪ್‌ಟಾಪಿನಿಂದ ಟಿವಿಗೆ ಒಯ್ಯುತ್ತದೆಯೇ ಹೊರತು ಕೋಣೆಯ ಕ್ಯಾಮೆರಾ, ಮೈಕುಗಳನ್ನು ಲ್ಯಾಪ್‌ಟಾಪಿಗೆ ತಂದುಕೊಡುವುದಿಲ್ಲ. ಅದಕ್ಕೆ ಯುಎಸ್‌ಬಿ ಕೇಬಲು ಬೇಕು. ಅಷ್ಟರಲ್ಲಿ ಮತ್ತೊಬ್ಬರು ಕೋಣೆಯ ಪೆಟ್ಟಿಗೆಯಿಂದಲೂ ಅದೇ ಸಭೆಗೆ ಕರೆ ಹಾಕಿದರು. ಒಂದೇ ಕೋಣೆಯಲ್ಲಿ ಎರಡು ಮೈಕು, ಎರಡು ಸ್ಪೀಕರು. ಕಿವಿ ಚುಚ್ಚುವ ಮಾರ್ದನಿ ಎದ್ದು ಸಭೆ ನಿಂತಿತು. ನನ್ನ ಒಂದು ಕ್ರಿಯಾಪದದಿಂದ ಇಷ್ಟು ಜನರಿಗೆ ತೊಂದರೆಯಾಯಿತು ಎಂದು ನಿಜವಾಗಿ ಬೇಸರವಾಗಿದೆ. ಅದಕ್ಕೇ ಈ ಪತ್ರ.

ಇಂಗ್ಲಿಷಿನ ‘ಕನೆಕ್ಟ್’ ಇಲ್ಲಿ ಮೂರು ಬೇರೆ ಬೇರೆ ಕೆಲಸಗಳನ್ನು ಒಂದೇ ಹೆಸರಿನಲ್ಲಿ ಮುಚ್ಚಿಟ್ಟಿದೆ. ಮೊದಲನೆಯದು ಮೇಲೆ ಹೇಳಿದ ಕೇಬಲಿನ ಕೆಲಸ. ಅದಕ್ಕೆ ‘ಸಿಗಿಸಿ’ ಸಾಕು ಎಂದು ನನ್ನ ಅನಿಸಿಕೆ. ನಮ್ಮ ಕಡೆ ಪಿನ್ನು ಸಿಗಿಸುತ್ತಾರೆ, ಚಾರ್ಜರು ಹಾಕುತ್ತಾರೆ. ಧಾರವಾಡ, ಕಲಬುರಗಿ ಕಡೆಯವರು ಇದಕ್ಕೆ ಏನನ್ನುತ್ತೀರಿ, ದಯವಿಟ್ಟು ತಿಳಿಸಿ.

ಎರಡನೆಯದು ಕೋಣೆಯ ಪೆಟ್ಟಿಗೆಯಿಂದಲೇ ವೆಬ್ ಸಭೆಗೆ ಕರೆ ಹಾಕುವುದು. ಅದೇ ಕಗ್ಗಂಟು. ಈ ಹಳೆಯ ಪೆಟ್ಟಿಗೆಗಳು ಮಾತಾಡುವ ಭಾಷೆ ಬೇರೆ. ದೂರಸಂಪರ್ಕದ ಮಾನಕಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಟಿಯು 1996ರಲ್ಲಿ ಒಪ್ಪಿದ ಎಚ್.323 ಒಂದು, 1999ರಲ್ಲಿ ಬಂದು 2002ರಲ್ಲಿ ಈಗಿನ ರೂಪ ಪಡೆದ ಸಿಪ್ ಇನ್ನೊಂದು. ಯಾವ ಕಂಪನಿಯ ಪೆಟ್ಟಿಗೆಯಾದರೂ ಇನ್ನೊಂದು ಕಂಪನಿಯದರ ಜೊತೆ ಮಾತಾಡಲಿ ಎಂದೇ ಅವು ಹುಟ್ಟಿದ್ದು. ಆಮೇಲೆ ಬಂದ ವೆಬ್ ಸಭೆಗಳು ಒಳಗೊಳಗೆ ತಮ್ಮದೇ ಭಾಷೆ ಆಡುತ್ತವೆ. ಹಾಗಾಗಿ ನಡುವೆ ಒಬ್ಬರು ನಿಂತು ಈ ಮಾತನ್ನು ಆ ಮಾತಿಗೆ ತಿರುಗಿಸಬೇಕು. ಝೂಮ್‌ನಲ್ಲಿ ಇದಕ್ಕೆ ಝೂಮ್‌ನದೇ ಸೇವೆಯಿದೆ. ಟೀಮ್ಸ್‌ಗೆ ಮೈಕ್ರೋಸಾಫ್ಟ್ ಒಪ್ಪಿದ ಬೇರೆ ಕಂಪನಿಗಳ ಸೇವೆ ಕೊಳ್ಳಬೇಕು. ಕೋಣೆಯಲ್ಲಿ ಕೂತವರು ರಿಮೋಟಿನಲ್ಲಿ ಒಂದು ವಿಳಾಸವನ್ನೂ ಸಭೆಯ ಸಂಖ್ಯೆಯನ್ನೂ ಒತ್ತುತ್ತಾರೆ, ಉಳಿದದ್ದು ನಡುವಿನವರ ಕೆಲಸ.

ಈ ನಡುವಿನವರ ಇಂಗ್ಲಿಷ್ ಹೆಸರು ‘ಗೇಟ್‌ವೇ’. ಕನ್ನಡದಲ್ಲಿ ‘ಹೆಬ್ಬಾಗಿಲು’, ‘ಮಹಾದ್ವಾರ’ ಎಂದು ಬರೆದದ್ದನ್ನು ನೋಡಿದ್ದೇನೆ. ನನಗೆ ಇದು ಒಪ್ಪುವುದಿಲ್ಲ. ಹೆಬ್ಬಾಗಿಲು ದಾಟಿ ಒಳಬಂದ ಮನುಷ್ಯ ಅದೇ ಮನುಷ್ಯನಾಗಿರುತ್ತಾನೆ, ಅದೇ ಮಾತಾಡುತ್ತಾನೆ. ಇಲ್ಲಿ ಹಾಗಲ್ಲ. ಯಾರು ಯಾರನ್ನು ಕರೆದರು, ಕರೆ ಯಾವಾಗ ಮುಗಿಯಿತು ಎಂಬ ಸಂಜ್ಞೆಗಳನ್ನು ತಿರುಗಿಸಬೇಕು. ಎಷ್ಟೋ ಸಲ ದನಿಯನ್ನೂ ಚಿತ್ರವನ್ನೂ ಬಿಚ್ಚಿ ಮತ್ತೆ ಕಟ್ಟಬೇಕು. ಮುಖದ ಚಿತ್ರ ಒಂದು, ತೋರಿಸುತ್ತಿರುವ ಸ್ಲೈಡು ಇನ್ನೊಂದು ಎಂದು ಎರಡು ಹೊಳೆಗಳನ್ನು ಬೇರೆಬೇರೆಯಾಗಿಯೇ ದಾಟಿಸಬೇಕು. ಆ ಕೆಲಸಕ್ಕೆ ಎಚ್.323ರಲ್ಲಿ ಎಚ್.239 ಎಂಬ ಪದ್ಧತಿ ಇದೆ, ಸಿಪ್‌ನಲ್ಲಿ ಬಿಎಫ್‌ಸಿಪಿ ಎಂಬ ಬೇರೆ ಪದ್ಧತಿ. ನಡುವಿನವರಿಗೆ ಇದು ಸರಿಯಾಗಿ ತಿಳಿಯದಿದ್ದರೆ ಮುಖ ಕಾಣುತ್ತದೆ, ಸ್ಲೈಡು ಕಾಣುವುದಿಲ್ಲ. ಇದು ಬಾಗಿಲು ಮಾಡುವ ಕೆಲಸವಲ್ಲ, ದುಭಾಷಿಯ ಕೆಲಸ.

ಬಾಗಿಲಿನ ಹೋಲಿಕೆ ಇನ್ನೊಂದು ಕಡೆಯೂ ದಾರಿ ತಪ್ಪಿಸುತ್ತದೆ. ಎಚ್.323ರಲ್ಲಿ ‘ಗೇಟ್‌ಕೀಪರ್’ ಎಂಬ ಇನ್ನೊಂದು ಘಟಕವಿದೆ. ಗೇಟ್‌ವೇ ಹೆಬ್ಬಾಗಿಲಾದರೆ ಗೇಟ್‌ಕೀಪರ್ ದ್ವಾರಪಾಲಕನಾಗಿ ಆ ಬಾಗಿಲ ಪಕ್ಕವೇ ನಿಂತಿರಬೇಕು ಎಂದು ಓದುಗರು ತಿಳಿಯುತ್ತಾರೆ. ನಿಜದಲ್ಲಿ ಅದು ತನ್ನ ವಲಯದ ಪೆಟ್ಟಿಗೆಗಳ ವಿಳಾಸ ಬರೆದಿಟ್ಟುಕೊಂಡು, ಕರೆ ಹೋಗಬಹುದೇ, ಎಷ್ಟು ಬ್ಯಾಂಡ್‌ವಿಡ್ತ್ ಕೊಡಬೇಕು ಎಂದು ಹೇಳುವ ಘಟಕ. ಹಳ್ಳಿಯ ಶಾನುಭೋಗರಿಗೆ ಹತ್ತಿರ, ಬಾಗಿಲು ಕಾಯುವವರಿಗಲ್ಲ.

‘ಸೇತುವೆ’ಯನ್ನೂ ಯೋಚಿಸಿದೆ. ಆದರೆ ಈ ಕ್ಷೇತ್ರದಲ್ಲಿ ‘ಬ್ರಿಡ್ಜ್’ ಎಂದರೆ ಹಲವು ಕಡೆಯ ಕರೆಗಳನ್ನು ಒಂದೆಡೆ ಕೂಡಿಸುವ ಯಂತ್ರ. ಸೇತುವೆ ಎರಡು ದಡವನ್ನಷ್ಟೇ ಸೇರಿಸುತ್ತದೆ. ಆ ಯಂತ್ರಕ್ಕೆ ‘ಕೂಡಲ’ ಎಂಬ ನಮ್ಮ ಹಳೆಯ ಪದ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಕೃಷ್ಣೆ ಮಲಪ್ರಭೆಯರು ಸೇರುವ ಊರಿನ ಹೆಸರಲ್ಲೂ, ತುಂಗೆ ಭದ್ರೆಯರು ಸೇರುವ ಕೂಡಲಿಯಲ್ಲೂ ಇರುವುದು ಅದೇ ಮಾತು.

‘ದುಭಾಷಿ’ಗೆ ಒಂದು ಅಡ್ಡಿ ಇದೆ, ಮುಚ್ಚಿಡುವುದಿಲ್ಲ. ಝೂಮ್‌ನಲ್ಲಿ ಮನುಷ್ಯ ದುಭಾಷಿಗಳು ಒಂದು ನುಡಿಯಿಂದ ಇನ್ನೊಂದಕ್ಕೆ ಅನುವಾದಿಸುತ್ತ ಮಾತಾಡುವ ಸೌಲಭ್ಯವೂ ಇದೆ. ಎರಡೂ ಒಂದೇ ಪುಸ್ತಕದಲ್ಲಿ ಬಂದರೆ ಗೊಂದಲ. ‘ದುಭಾಷಿ ಯಂತ್ರ’ ಎಂದರೆ ನಿಭಾಯಿಸೀತೇ? ‘ಮಧ್ಯವರ್ತಿ’ ಎಂಬ ಸಲಹೆಯೂ ಬಂತು. ಆ ಪದಕ್ಕೆ ದಲ್ಲಾಳಿಯ ವಾಸನೆ ಅಂಟಿಕೊಂಡಿದೆ, ನನಗೆ ಬೇಡ.

ಮೂರನೆಯ ಬಗೆ ಸುಲಭ. ಈಚಿನ ಕೆಲವು ಪೆಟ್ಟಿಗೆಗಳು ಒಳಗೇ ಒಂದು ಬ್ರೌಸರ್ ಇಟ್ಟುಕೊಂಡು, ಬೇರೆ ಕಂಪನಿಯ ಸಭೆಗೆ ನೇರವಾಗಿ ಅತಿಥಿಯಂತೆ ಸೇರುತ್ತವೆ. ಇದಕ್ಕೆ ಆಧಾರವಾದ, ಬ್ರೌಸರಿನಲ್ಲೇ ದನಿ, ಚಿತ್ರಗಳ ಕರೆ ನಡೆಸುವ ವೆಬ್‌ಆರ್‌ಟಿಸಿಯನ್ನು ಗೂಗಲ್ 2011ರಲ್ಲಿ ಮುಕ್ತವಾಗಿ ಬಿಟ್ಟಿತು, 2021ರಲ್ಲಿ ಅದು ವೆಬ್ ಮಾನಕವಾಯಿತು. ದುಭಾಷಿ ಬೇಡ, ಪೆಟ್ಟಿಗೆಯೇ ಆ ಭಾಷೆ ಕಲಿತಿದೆ. ‘ಅತಿಥಿಯಾಗಿ ಸೇರಿ’ ಎಂದರೆ ಮುಗಿಯಿತು.

ಈ ‘ಸೇರು’ ಎಷ್ಟು ಕೆಲಸಕ್ಕೆ ಬರುತ್ತದೆ ನೋಡಿ. ನಾವು ಸಭೆಗೆ ಸೇರುತ್ತೇವೆ, ಕೋಣೆಯನ್ನು ಸೇರಿಸುತ್ತೇವೆ, ಹೊರಗೆ ಕಾಯುತ್ತಿರುವವರನ್ನು ಸಭೆ ನಡೆಸುವವರು ಸೇರಿಸಿಕೊಳ್ಳುತ್ತಾರೆ. ಇಂಗ್ಲಿಷಿನವರಿಗೆ ಮೂರು ಬೇರೆ ಪದ ಬೇಕು, ನಮಗೆ ಒಂದೇ ಬೇರು. ಮೊದಲು ‘ಕೂಡಿ’ ಎಂದು ಬರೆದಿದ್ದೆ. ಉತ್ತರ ಕರ್ನಾಟಕದಲ್ಲಿ ‘ಕೂಡ್ರಿ’ ಎಂದರೆ ಕುಳಿತುಕೊಳ್ಳಿ ಎಂದು ಗೆಳೆಯರೊಬ್ಬರು ನೆನಪಿಸಿದ ಮೇಲೆ ಬಿಟ್ಟೆ. ನಾಮಪದಕ್ಕೆ ಕೂಡಲ, ಕ್ರಿಯಾಪದಕ್ಕೆ ಸೇರು, ಹೀಗಿರಲಿ.

ಇನ್ನು ‘ಎಂಡ್‌ಪಾಯಿಂಟ್’, ಅಂದರೆ ಕರೆಯ ಒಂದೊಂದು ತುದಿಯಲ್ಲಿರುವ ಸಲಕರಣೆ. ‘ಅಂತ್ಯಬಿಂದು’ ಎಂದು ಓದಿದಾಗಲೆಲ್ಲ ಏನೋ ಮುಗಿದುಹೋದಂತೆ ಅನಿಸುತ್ತದೆ. ನಮ್ಮ ‘ಕಡೆ’ಗೆ ಕೊನೆ ಎಂಬ ಅರ್ಥವೂ ಇದೆ, ಬದಿ ಎಂಬ ಅರ್ಥವೂ ಇದೆ. ‘ಆ ಕಡೆಯವರಿಗೆ ಕೇಳ್ತಿಲ್ಲ’, ‘ಈ ಕಡೆ ಮೈಕು ಮ್ಯೂಟ್ ಆಗಿದೆ’ ಎಂದು ಜನ ಆಗಲೇ ಆಡುತ್ತಿದ್ದಾರೆ. ಸುಪ್ರೀಂ ಕೋರ್ಟಿನ ಇ-ಸಮಿತಿ ರೂಪಿಸಿದ ಮಾದರಿ ವಿಡಿಯೊ ನಿಯಮಗಳಲ್ಲಿ ‘ಕೋರ್ಟ್ ಪಾಯಿಂಟ್’, ‘ರಿಮೋಟ್ ಪಾಯಿಂಟ್’ ಎಂಬ ಎರಡು ಮಾತುಗಳು ಬರುತ್ತವೆ. ‘ನ್ಯಾಯಾಲಯದ ಕಡೆ’, ‘ದೂರದ ಕಡೆ’ ಎಂದರೆ ಸಾಕ್ಷಿ ಹೇಳಲು ಬಂದ ಹಳ್ಳಿಯವರಿಗೂ ತಿಳಿಯುತ್ತದೆ. ‘ಬಿಂದು’ ಎಂದರೆ ತಿಳಿಯುವುದಿಲ್ಲ.

‘ಕೋಡೆಕ್’ ಬಗ್ಗೆ ಒಂದೇ ಮಾತು. ದನಿ, ಚಿತ್ರವನ್ನು ಕಟ್ಟುವ ಬಿಚ್ಚುವ ವಿಧಾನಕ್ಕೂ ಆ ಹೆಸರು, ಈ ಕ್ಷೇತ್ರದಲ್ಲಿ ಟಿವಿ ಕೆಳಗಿನ ಪೆಟ್ಟಿಗೆಗೂ ಅದೇ ಹೆಸರು. ಹಳೆಯ ಕೈಪಿಡಿಯೊಂದರಲ್ಲಿ ‘ಸಂಕೇತ ವಿಧಾನವನ್ನು ಆರಿಸಿ ಮತ್ತೆ ಹೊತ್ತಿಸಿ’ ಎಂಬ ಸಾಲು ಕಂಡು ಬಹಳ ಹೊತ್ತು ತಲೆ ಕೆಡಿಸಿಕೊಂಡೆ. ಹೇಳಬೇಕಾಗಿದ್ದದ್ದು ಪೆಟ್ಟಿಗೆಯನ್ನು. ಕಚೇರಿಗಳಲ್ಲಿ ಅದನ್ನು ‘ವಿಸಿ ಬಾಕ್ಸ್’ (ವಿಡಿಯೊ ಕಾನ್ಫರೆನ್ಸ್ ಪೆಟ್ಟಿಗೆ) ಎನ್ನುತ್ತಾರೆ, ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ.

ಈಗ ಸೂಚನೆಯ ಸಾಲುಗಳು ಹೀಗಿವೆ: ‘ಲ್ಯಾಪ್‌ಟಾಪಿನಿಂದ ಸಭೆ ನಡೆಸುವುದಾದರೆ ಎಚ್‌ಡಿಎಂಐ, ಯುಎಸ್‌ಬಿ ಎರಡೂ ಕೇಬಲು ಸಿಗಿಸಿ, ವಿಸಿ ಬಾಕ್ಸಿನಿಂದ ಕರೆ ಹಾಕಬೇಡಿ. ವಿಸಿ ಬಾಕ್ಸಿನಿಂದ ಸೇರುವುದಾದರೆ ಸಭೆಯ ಆಹ್ವಾನದಲ್ಲಿರುವ ವಿಳಾಸ, ಸಂಖ್ಯೆ ಒತ್ತಿ. ಆಗ ಕೋಣೆಯಲ್ಲಿರುವ ಲ್ಯಾಪ್‌ಟಾಪುಗಳಲ್ಲಿ ಮೈಕು, ಸ್ಪೀಕರು ಎರಡನ್ನೂ ಮುಚ್ಚಿ. ಆ ಕಡೆಯವರು ಸೇರಿಸಿಕೊಳ್ಳುವವರೆಗೆ ಕಾಯಿರಿ.’

ಗೋಡೆಯ ಸೂಚನೆಗೆ ದುಭಾಷಿಯ ಹೆಸರು ಬೇಕಾಗಲಿಲ್ಲ. ಅದು ಬೇಕಿರುವುದು ದುರಸ್ತಿ ಮಾಡುವವರಿಗಾಗಿ ಬರೆಯುತ್ತಿರುವ ಚಿಕ್ಕ ಪುಸ್ತಕಕ್ಕೆ. ‘ದುಭಾಷಿ ಯಂತ್ರ’ಕ್ಕಿಂತ ಒಳ್ಳೆಯದು ನಿಮಗೆ ಹೊಳೆದರೆ, ಇಲ್ಲವೇ ನಿಮ್ಮ ಕಚೇರಿಯಲ್ಲಿ ಜನ ಆಗಲೇ ಬೇರೆ ಮಾತು ಬಳಸುತ್ತಿದ್ದರೆ, ಬಳಸುವ ವಾಕ್ಯದ ಸಮೇತ ಬರೆಯಿರಿ. ‘ಮುಚ್ಚಿ’ ಸರಿಯೋ ‘ಆರಿಸಿ’ ಸರಿಯೋ ಎಂಬುದನ್ನೂ ಹೇಳಿ. ‘ಆರಿಸಿ’ ಎಂದರೆ ಆಯ್ಕೆ ಮಾಡಿ ಎಂದು ಓದಿಕೊಂಡು ಮೈಕನ್ನು ಹಚ್ಚಿಬಿಟ್ಟಾರೆಂಬ ಅಂಜಿಕೆ ನನಗೆ.