ಚದುರಂಗದ ‘ಕಾಂಬಿನೇಷನ್’ಗೆ ‘ವರಸೆ’ ಒಪ್ಪುತ್ತದೆಯೇ?

ಚದುರಂಗದವರು ಕಾಂಬಿನೇಷನ್ ಎನ್ನುವುದನ್ನು, ಅಂದರೆ ಕಾಯಿ ಬಲಿಕೊಟ್ಟು ಗೆಲ್ಲುವ ನಡೆಗಳ ಸರಣಿಯನ್ನು, ಕನ್ನಡದಲ್ಲಿ ಏನೆಂದು ಕರೆಯೋಣ? ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಭಾನುವಾರಗಳಂದು ಮಕ್ಕಳಿಗೆ ಆಟ ಹೇಳಿಕೊಡುತ್ತೇನೆ. ಅವರಿಗಾಗಿ ಕನ್ನಡದಲ್ಲಿ ಅಭ್ಯಾಸದ ಹಾಳೆಗಳನ್ನು ಬರೆಯುತ್ತಿರುವುದರಿಂದ ಕೇಳುತ್ತಿದ್ದೇನೆ. ಕಾಯಿಗಳ ಹೆಸರಿಗೆ ತೊಂದರೆಯಿಲ್ಲ. ಆನೆ, ಒಂಟೆ, ಕುದುರೆ, ಕಾಲಾಳು ಎಲ್ಲರಿಗೂ ಗೊತ್ತು. ಹಿರಿಯರ ಮಂತ್ರಿ ಮಕ್ಕಳಿಗೆ ರಾಣಿಯಾಗಿದೆ, ಅಷ್ಟೇ. ನಡೆ, ಮನೆ, ಕಾಯಿ ಹೊಡೆಯುವುದು, ಇವೂ ನಮ್ಮವೇ.

ನಿಘಂಟು ತೆರೆದರೆ ‘ಸಂಯೋಜನೆ’ ಸಿಗುತ್ತದೆ. ಅದು ನನಗೆ ಒಪ್ಪಿಗೆಯಿಲ್ಲ. ವಿಶ್ವ ಚಾಂಪಿಯನ್ ಆಗಿದ್ದ ಮಿಖಾಯಿಲ್ ಬೊಟ್ವಿನ್ನಿಕ್ ಕೊಟ್ಟ ವ್ಯಾಖ್ಯೆಯಲ್ಲಿ ಎರಡು ಅಂಶಗಳಿವೆ: ಕಾಯಿಯನ್ನು ಬಲಿಕೊಡುವುದು ಮತ್ತು ಎದುರಾಳಿಗೆ ಬೇರೆ ದಾರಿ ಉಳಿಸದ ನಡೆಗಳ ಸರಣಿ. ಸಂಯೋಜನೆಯಲ್ಲಿ ಇವೆರಡೂ ಕೇಳಿಸುವುದಿಲ್ಲ. ಹಾಡಿಗೆ ರಾಗ ಕೂಡಿಸಿದಂತೆ ಕೇಳಿಸುತ್ತದೆ.

ಅಮೆರಿಕದ ಆಟಗಾರ ಪಾಲ್ ಮಾರ್ಫಿ 1858ರಲ್ಲಿ ಪ್ಯಾರಿಸ್ಸಿನ ಒಪೆರಾ ಮಂದಿರದಲ್ಲಿ ಆಡಿದ ಆಟವನ್ನೇ ನೋಡಿ. ಎದುರಿಗೆ ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಕೌಂಟ್ ಇಸೂವಾರ್, ಇಬ್ಬರೂ ಮಾತಾಡಿಕೊಂಡು ಕಪ್ಪು ಕಾಯಿ ನಡೆಸುತ್ತಿದ್ದರು. ಹದಿನಾರನೆಯ ನಡೆಯಲ್ಲಿ ಮಾರ್ಫಿ ತನ್ನ ರಾಣಿಯನ್ನು ಬಿ8 ಮನೆಗೆ ತಂದು ಚೆಕ್ ಕೊಡುತ್ತಾನೆ. ಕಪ್ಪು ರಾಜ ಸರಿಯುವಂತಿಲ್ಲ, ಇ7 ಮನೆಯನ್ನು ಬಿಳಿಯ ಒಂಟೆ ಕಾಯುತ್ತಿದೆ. ನಡುವೆ ಅಡ್ಡ ಇಡಲು ಯಾವ ಕಾಯಿಯೂ ಬರಲಾರದು. ಡಿ7ರಲ್ಲಿರುವ ಕಪ್ಪು ಕುದುರೆ ರಾಣಿಯನ್ನು ಹೊಡೆಯಲೇಬೇಕು. ಬಿಳಿಯ ಆನೆಯ ದಾರಿಗೆ ಅಡ್ಡವಾಗಿದ್ದದ್ದು ಅದೇ ಕುದುರೆ! ಅದು ಎದ್ದು ಹೋದ ಕೂಡಲೇ ಆನೆ ಡಿ8ಕ್ಕೆ ನುಗ್ಗುತ್ತದೆ, ಚೆಕ್‌ಮೇಟ್. ಆಟ ಹದಿನೇಳು ನಡೆಗಳಲ್ಲಿ ಮುಗಿಯಿತು. ಇದನ್ನು ತೋರಿಸಿದಾಗ ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕು. ಅವರು ಮೊದಲು ಕೇಳುವುದು, ‘ರಾಣಿಯನ್ನು ಸುಮ್ಮನೆ ಕೊಟ್ಟುಬಿಟ್ಟರಾ?’ ಎಂದೇ.

ಇದೇ ಆಟದ ಹತ್ತನೆಯ ನಡೆಯಲ್ಲಿ ಮಾರ್ಫಿ ಒಂದು ಕುದುರೆಯನ್ನೂ ಕೊಟ್ಟಿದ್ದ. ಆದರೆ ಆಗ ಕಪ್ಪಿಗೆ ಬೇರೆ ದಾರಿಗಳಿದ್ದವು. ಅದು ದಿಟ್ಟ ದಾಳಿ. ಕಟ್ಟುನಿಟ್ಟಾಗಿ ಹೇಳಿದರೆ ಕಾಂಬಿನೇಷನ್ ಅಲ್ಲ. ನಮ್ಮ ಪದ ಈ ವ್ಯತ್ಯಾಸವನ್ನು ಹಿಡಿಯಬೇಕು.

‘ತಂತ್ರ’ ತೀರ ಅಗಲವಾಯಿತು, ಎಲ್ಲಕ್ಕೂ ಅದೇ. ‘ವ್ಯೂಹ’ ಎಂದರೆ ಕಾಯಿಗಳು ನಿಂತ ಬಗೆ, ಅವು ನಡೆಯುವ ಕ್ರಮವಲ್ಲ. ‘ಸಂಚು’ ಎನ್ನಲು ಮನಸ್ಸಿಲ್ಲ. ಎರಡೂ ಕಡೆಯವರ ಕಣ್ಣೆದುರೇ ಇರುವ ಹಲಗೆಯಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಕುಸ್ತಿಯ ‘ಪಟ್ಟು’ ನನಗೆ ಬಹಳ ಇಷ್ಟ, ಎದುರಾಳಿ ಬಿಡಿಸಿಕೊಳ್ಳಲಾಗದ ಬಿಗಿ ಅದರಲ್ಲಿದೆ. ಆದರೆ ಪಟ್ಟು ಒಂದೇ ಹಿಡಿತ, ಒಂದರ ಹಿಂದೊಂದು ಬರುವ ನಡೆಗಳ ಓಟ ಅದರಲ್ಲಿಲ್ಲ.

ಹೀಗಾಗಿ ನನ್ನ ಒಲವು ‘ವರಸೆ’ಯ ಕಡೆಗೆ. ಸಂಗೀತ ಪಾಠದ ಸರಳೆ ವರಸೆ, ಜಂಟಿ ವರಸೆಗಳಲ್ಲಿ ಕ್ರಮವಿದೆ. ಕತ್ತಿವರಸೆಯಲ್ಲಿ ಕಾಳಗವೂ ಇದೆ. ‘ಬಲಿವರಸೆ’ ಎಂದರೆ ಬೊಟ್ವಿನ್ನಿಕ್ ಹೇಳಿದ್ದು ಬಹುಮಟ್ಟಿಗೆ ಬಂದಂತೆಯೇ. ಒಂದು ಅಡ್ಡಿ ಉಂಟು: ‘ಅವನು ವರಸೆ ಬದಲಿಸಿದ’ ಎಂಬ ಮಾತಿನಲ್ಲಿ ಪದಕ್ಕೆ ತುಸು ಕೆಟ್ಟ ಹೆಸರು ಬಂದಿದೆ. ಹತ್ತು ವರ್ಷದ ಮಕ್ಕಳಿಗೆ ಆ ಛಾಯೆ ತಟ್ಟಲಾರದು ಎಂದುಕೊಂಡಿದ್ದೇನೆ.

ಕ್ರಿಯಾಪದದ ಬಗ್ಗೆಯೂ ಸಲಹೆ ಬೇಕು. ‘ಅವಳಿಗೆ ವರಸೆ ಹೊಳೆಯಿತು’ ಎಂಬುದು ಎಷ್ಟು ಸಹಜ! ಆದರೆ ಹೊಳೆಯಲಿ ಎಂದು ಮಗು ಕಾದು ಕೂರಬಾರದು. ಮೊದಲು ಚೆಕ್ ಕೊಡುವ ನಡೆಗಳು, ಬಳಿಕ ಕಾಯಿ ಹೊಡೆಯುವ ನಡೆಗಳು, ಆಮೇಲೆ ಬೆದರಿಕೆ ಒಡ್ಡುವ ನಡೆಗಳು, ಹೀಗೆ ಒಂದೊಂದನ್ನೂ ಸೋಸಿ ನೋಡುವುದನ್ನು ಕಲಿಸುತ್ತೇನೆ. ಆದ್ದರಿಂದ ಹಾಳೆಯ ಮೇಲೆ ಸದ್ಯಕ್ಕೆ ‘ಬಿಳಿಯ ಸರದಿ. ಗೆಲ್ಲುವ ವರಸೆ ಹುಡುಕಿ’ ಎಂದು ಬರೆದಿದ್ದೇನೆ. ಆಟ ಮುಗಿದ ಮೇಲಿನ ವಿವರಣೆಯಲ್ಲಿ ಮಾತ್ರ ‘ಹೊಳೆಯಿತು’ ಉಳಿಸಿಕೊಂಡಿದ್ದೇನೆ.

ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯ ನಡೆಯಲ್ಲೇ ಹಲಗೆಯ ಎಲ್ಲ ಮನೆಗಳನ್ನೂ ಸುತ್ತಿಸುವ ಬಂಧಗಳನ್ನು ರಚಿಸಿದ ನಾಡು ನಮ್ಮದು. ಮೈಸೂರಿನ ಹಳೆಯ ಆಟಗಾರರ ಮನೆಗಳಲ್ಲಿ, ಇಲ್ಲವೇ ಧಾರವಾಡ, ಕಲಬುರಗಿ ಕಡೆಯ ಆಡುಮಾತಿನಲ್ಲಿ, ಕಾಯಿ ಕೊಟ್ಟು ಗೆಲ್ಲುವ ಈ ಆಟಕ್ಕೆ ಪದವೊಂದನ್ನು ನೀವು ಕೇಳಿದ್ದೀರಾ? ಕೇಳಿದ್ದರೆ ಯಾವ ಊರಲ್ಲಿ, ಯಾವ ವಾಕ್ಯದಲ್ಲಿ ಎಂಬುದನ್ನೂ ದಯವಿಟ್ಟು ತಿಳಿಸಿ.